ತುದಿ ಹತ್ತದೆ ಬೆಟ್ಟ ಸುತ್ತುವ ದಾರಿ

ಕೇಳುಗರಿಗೆ ನಮಸ್ಕಾರ.

ಬೆಟ್ಟ ಅಂದ ಕೂಡಲೇ ನಮಗೆ ಅದರ ತುದಿ ನೆನಪಾಗುತ್ತದೆ. ಎಷ್ಟು ಎತ್ತರ, ಮೊದಲು ಯಾರು ಹತ್ತಿದರು ಅಂತ ಕೇಳುತ್ತೇವೆ. ಇವತ್ತು ನಾನು ಹೇಳಹೊರಟಿರುವ ದಾರಿ ತುದಿಗೆ ಹೋಗುವುದೇ ಇಲ್ಲ. ಯುರೋಪಿನ ಆಲ್ಪ್ಸ್ ಸಾಲಿನಲ್ಲಿ ಮೋಂ ಬ್ಲಾಂ ಅನ್ನುವ ಬೆಟ್ಟವಿದೆ. ಎತ್ತರ 4,800 ಮೀಟರಿಗಿಂತ ತುಸು ಜಾಸ್ತಿ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶ ಹಾದು, ಆ ಬೆಟ್ಟವನ್ನು ಬಳಸಿ, ಹೊರಟ ಜಾಗಕ್ಕೇ ಬಂದು ಸೇರುವ ಕಾಲುದಾರಿ ಅದು. ಹೆಸರು ಟೂರ್ ದು ಮೋಂ ಬ್ಲಾಂ. ಸುಮಾರು 170 ಕಿಲೋಮೀಟರ್. ನಡೆಯುವವರು ಹತ್ತು ಹನ್ನೊಂದು ದಿನ ತೆಗೆದುಕೊಳ್ಳುತ್ತಾರೆ. ಬೆನ್ನಿಗೆ ಸಣ್ಣ ಚೀಲ ಕಟ್ಟಿಕೊಂಡು ಓಡುತ್ತಾ ನಡೆಯುತ್ತಾ ಹೋಗುವವರು ನಾಲ್ಕೈದು ದಿನದಲ್ಲಿ ಮುಗಿಸುತ್ತಾರೆ.

ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲಿ, ಈ ಬೆಟ್ಟದ ತುದಿಗೆ ದಾರಿ ಹುಡುಕಿದವರಿಗೆ ಬಹುಮಾನ ಕೊಡುತ್ತೇನೆ ಅಂತ ಸಾರಿದ. ತುದಿ ಮುಟ್ಟಿದ್ದು 1786ರ ಆಗಸ್ಟ್ 8ರಂದು, ಬೆಟ್ಟದ ಬುಡದಲ್ಲಿರುವ, ಈಗ ಫ್ರಾನ್ಸಿಗೆ ಸೇರಿದ ಶಾಮೊನಿ ಊರಿನ ಬಾಲ್ಮಾ ಮತ್ತು ಪಕಾರ್ ಎಂಬ ಇಬ್ಬರು. ಆದರೆ ಸೊಸ್ಯೂರ್ ಸುಮ್ಮನೆ ಕಾಯುತ್ತಾ ಕೂರಲಿಲ್ಲ. 1767ರಲ್ಲೇ ಬೆಟ್ಟವನ್ನು ಒಂದು ಸುತ್ತು ಹಾಕಿ ಬಂದಿದ್ದ. ಹತ್ತುವುದಕ್ಕಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ ಸುತ್ತಿದ್ದಾಯಿತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಪ್ರದಕ್ಷಿಣೆ ಹಾಕಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಒಂದೇ ವ್ಯತ್ಯಾಸ. ನಾವು ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತೇವೆ. ಅಲ್ಲಿ ಹೆಚ್ಚಿನವರು ಬೆಟ್ಟವನ್ನು ಎಡಕ್ಕೆ ಇಟ್ಟುಕೊಂಡು ಹೋಗುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಓಡುವ ಗೆಳೆಯರು ಈ ದಾರಿಯ ಬಗ್ಗೆ ಕೇಳುವಾಗ ಮೊದಲು ಕೇಳುವುದು, ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ. ಬೆಟ್ಟದಲ್ಲಿ ಆ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಕೇಳಬೇಕಾದ್ದು, ದಿನಕ್ಕೆ ಎಷ್ಟು ಮೀಟರ್ ಏರು, ಎಷ್ಟು ಮೀಟರ್ ಇಳಿತ. ಇಡೀ ಸುತ್ತಿನಲ್ಲಿ ಏರು ಸುಮಾರು 10,000 ಮೀಟರ್. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕುಮಾರ ಪರ್ವತ 1,712 ಮೀಟರ್. ಕುಕ್ಕೆ ತಗ್ಗಿನಲ್ಲಿರುವುದರಿಂದ ಏರು 1,600 ಮೀಟರಿನ ಹತ್ತಿರ. ಅಂಥ ಆರು ಏರು ಒಂದರ ಹಿಂದೆ ಒಂದು ಅಂದುಕೊಳ್ಳಿ. ಹತ್ತಿದ್ದಷ್ಟನ್ನೂ ಇಳಿಯಲೂ ಬೇಕು.

1892ರಲ್ಲಿ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನವರು ಒಂದು ಸುಲಭದ ಲೆಕ್ಕ ಹೇಳಿಟ್ಟರು. ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹದಿನೈದು ಕಿಲೋಮೀಟರ್ ದಾರಿಯಲ್ಲಿ 1,200 ಮೀಟರ್ ಏರಿದ್ದರೆ ಐದು ಗಂಟೆ ಆಯಿತು. ಊಟ, ವಿಶ್ರಾಂತಿ, ಫೋಟೋ ಎಲ್ಲ ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ಕಾಲುದಾರಿಯ ಹಳದಿ ಕೈಮರಗಳ ಮೇಲೂ ಕಿಲೋಮೀಟರ್ ಬರೆದಿರುವುದಿಲ್ಲ. ಮುಂದಿನ ಊರಿಗೆ ಎಷ್ಟು ಗಂಟೆ, ಎಷ್ಟು ನಿಮಿಷ ಅಂತ ಬರೆದಿರುತ್ತದೆ. ನಮ್ಮ ಘಟ್ಟದ ಚಾರಣದ ದಾರಿಗಳಲ್ಲೂ ಇಂಥ ಕೈಮರ ಬಂದರೆ ಎಷ್ಟು ಚೆನ್ನ.

ಏರು ಉಸಿರು ತೆಗೆಯುತ್ತದೆ, ನಿಜ. ಆದರೆ ಕಾಲು ತೆಗೆಯುವುದು ಇಳಿತ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಪ್ರತಿ ಹೆಜ್ಜೆಗೂ ಮೈಯ ಭಾರವನ್ನು ತಡೆದು ಹಿಡಿಯಬೇಕು. ಹಿಡಿಯುತ್ತಲೇ ಅದು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳು ಇದರಲ್ಲೇ ಪೆಟ್ಟು ತಿನ್ನುವುದು. ನೋವು ಅವತ್ತು ಅಷ್ಟಾಗಿ ಗೊತ್ತಾಗುವುದಿಲ್ಲ. ಎರಡನೇ ದಿನ, ಮೂರನೇ ದಿನ ಬೆಳಿಗ್ಗೆ ಮಂಚದಿಂದ ಇಳಿಯುವಾಗ ಗೊತ್ತಾಗುತ್ತದೆ. ಒಂದೇ ದಿನದ ಚಾರಣವಾದರೆ ಅಷ್ಟು ಹೊತ್ತಿಗೆ ಮನೆಯಲ್ಲಿರುತ್ತೀರಿ. ಇಲ್ಲಿ ಮತ್ತೆ ಶೂ ಕಟ್ಟಬೇಕು. ಅದಕ್ಕೇ ಮೈಸೂರಿನವರಿಗೆ ನಾನು ಹೇಳುವುದು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಸ್ಸಿನಲ್ಲಿ ವಾಪಸ್ ಬರಬೇಡಿ. ಇಳಿದೂ ಬನ್ನಿ. ಇಳಿಯುವುದೇ ನಿಜವಾದ ತಾಲೀಮು. ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಮಡಿಸಿರಲಿ. ಇನ್ನೊಂದು ಸಣ್ಣ ವಿಷಯ. ಉದ್ದ ಇಳಿತ ಶುರುವಾಗುವ ಮೊದಲು ಕೂತು, ಕಣಕಾಲಿನ ಹತ್ತಿರ ಲೇಸು ಬಿಗಿ ಮಾಡಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂವಿನ ಮೂತಿಗೆ ಬಡಿಯುತ್ತಲೇ ಇರುತ್ತದೆ. ಸಂಜೆಗೆ ಉಗುರು ಕಪ್ಪಾಗಿರುತ್ತದೆ.

ಓಡಬೇಕೋ, ನಡೆಯಬೇಕೋ ಅಂತ ಬಹಳ ಜನ ಕೇಳುತ್ತಾರೆ. ಇದೇ ಬೆಟ್ಟದ ಸುತ್ತ 2003ರಿಂದ ಓಟದ ಸ್ಪರ್ಧೆ ನಡೆಯುತ್ತಿದೆ. ಹೆಸರು ಯುಟಿಎಂಬಿ. ಆಗಸ್ಟ್ ಕೊನೆಯಲ್ಲಿ ಶಾಮೊನಿಯಿಂದ ಶುಕ್ರವಾರ ಸಂಜೆ ಹೊರಡುತ್ತಾರೆ. ಇಡೀ ಸುತ್ತು ಮುಗಿಸಲು ಇರುವ ಗಡುವು 46 ಗಂಟೆ 30 ನಿಮಿಷ. ಮೊದಲ ವರ್ಷ ಹವಾಮಾನ ಕೆಟ್ಟು, ಹೊರಟ ಸುಮಾರು 700 ಮಂದಿಯಲ್ಲಿ ಪೂರ್ತಿ ದಾರಿ ಮುಗಿಸಿದವರು 67 ಮಂದಿ. ಗೆದ್ದವರು ನೇಪಾಳದ ದಾವಾ ಶೆರ್ಪಾ. 2022ರಲ್ಲಿ ಸ್ಪೇನಿನ ಕಿಲಿಯನ್ ಜೋರ್ನೆಟ್ 20 ಗಂಟೆಯೊಳಗೆ ಮುಗಿಸಿದರು. ಅಂಥ ಓಟಗಾರರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ. ಕೈಯಲ್ಲಿ ಎರಡು ಕೋಲು ಊರಿಕೊಂಡು, ಜೋರು ಹೆಜ್ಜೆ ಹಾಕುತ್ತಾ ನಡೆಯುತ್ತಾರೆ. ನಡೆದರೆ ಸೋತಂತೆ ಅನ್ನುವುದು ಡಾಂಬರು ರಸ್ತೆಯ ಯೋಚನೆ. ಮಟ್ಟಸ ಜಾಗದಲ್ಲಿ, ಮೆತ್ತಗಿನ ಇಳಿತದಲ್ಲಿ ಮೈ ಒಪ್ಪಿದರೆ ಓಡಿ. ಏರಿನಲ್ಲಿ ನಡೆಯಿರಿ. ಕಲ್ಲುಗುಂಡುಗಳ ರಾಶಿ ಬಂದರೆ ನಿಧಾನಕ್ಕೆ ದಾಟಿ.

ರಾತ್ರಿ ತಂಗುವುದು ರೆಫ್ಯೂಜ್ ಅನ್ನುವ ಬೆಟ್ಟದ ವಸತಿಮನೆಗಳಲ್ಲಿ. ಬಾಗಿಲ ಹತ್ತಿರವೇ ಶೂ ಬಿಡುವ ಗೂಡು. ಅಲ್ಲಿ ಒದ್ದೆ ಶೂ ಬಿಟ್ಟು, ಅವರೇ ಇಟ್ಟ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಬೇಕು. ಮಲಗುವ ಕೋಣೆಯಲ್ಲಿ ಸಾಲು ಮಂಚ, ಅಪರಿಚಿತರ ಪಕ್ಕ ಅಪರಿಚಿತರು. ಕಂಬಳಿ ಅವರದು, ಅದರೊಳಗೆ ಹೊದೆಯುವ ತೆಳು ಬಟ್ಟೆಯ ಚೀಲ ನಮ್ಮದು. ಸಂಜೆಯ ಊಟ ಎಲ್ಲರಿಗೂ ಒಂದೇ ಹೊತ್ತಿಗೆ, ಉದ್ದದ ಮೇಜಿನಲ್ಲಿ. ದೊಡ್ಡ ಪಾತ್ರೆಯಲ್ಲಿ ಸೂಪು ಬರುತ್ತದೆ. ಒಬ್ಬರು ಬಡಿಸಿಕೊಂಡು ಪಕ್ಕದವರಿಗೆ ದಾಟಿಸುತ್ತಾರೆ. ಅವತ್ತು ಬೆಳಿಗ್ಗೆ ನಮ್ಮನ್ನು ಹಿಂದೆ ಹಾಕಿ ಓಡಿ ಹೋದವರೂ, ಎಪ್ಪತ್ತು ದಾಟಿದ ಗಂಡ ಹೆಂಡತಿಯೂ ಅದೇ ಮೇಜಿಗೆ ಕೂತಿರುತ್ತಾರೆ. ಆ ಊಟದ ಹೊತ್ತು ನನಗೆ ಇಡೀ ದಾರಿಯಲ್ಲಿ ಅತಿ ಪ್ರಿಯವಾದದ್ದು. ಯಾರು ಎಷ್ಟು ಬೇಗ ಬಂದರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಾಳೆ ಮಳೆ ಬರುತ್ತಾ, ಪಾಸ್ ಮೇಲೆ, ಅಂದರೆ ಬೆಟ್ಟದ ಸಾಲನ್ನು ದಾಟುವ ಜಾಗದ ಮೇಲೆ, ಹಿಮ ಇದೆಯಾ, ಇದೇ ಮಾತು.

ಸಸ್ಯಾಹಾರಿಗಳು ಜಾಗ ಕಾದಿರಿಸುವಾಗಲೇ ಹೇಳಿಬಿಡಬೇಕು. ಸೂಪು, ಚೀಸು, ಬ್ರೆಡ್ಡು, ಇಟಲಿ ಕಡೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ಸಿಗುತ್ತದೆ. ಖಾರಕ್ಕೆ ಮಾತ್ರ ನಾಲಿಗೆ ಹಂಬಲಿಸುತ್ತದೆ. ಒಂದು ಸಣ್ಣ ಡಬ್ಬಿ ಚಟ್ನಿಪುಡಿ, ದಾರಿಗೆ ಕಡಲೆಕಾಯಿ ಚಿಕ್ಕಿ ಇಟ್ಟುಕೊಳ್ಳಿ. ಹಸಿದ ಓಟಗಾರರಿಗೆ ಚಿಕ್ಕಿಯನ್ನು ಮೀರಿಸಿದ್ದು ನಾನು ಕಂಡಿಲ್ಲ.

ಹವಾಮಾನದ ವಿಷಯದಲ್ಲಿ ಧೈರ್ಯ ತೋರಿಸಲು ಹೋಗಬೇಡಿ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಲ್ಲಿನ ಕಾಲ. ಜೂನ್ ತಿಂಗಳಲ್ಲಿ ಎತ್ತರದ ಪಾಸ್‌ಗಳ ಮೇಲೆ ಗಟ್ಟಿ ಹಿಮ ಉಳಿದಿರುವುದುಂಟು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು. ಆದ್ದರಿಂದ ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನದೊಳಗೆ ಪಾಸ್ ದಾಟಿ ಕೆಳಗಿರಬೇಕು. ಯುಟಿಎಂಬಿಯಲ್ಲಿ ಪ್ರತಿ ಓಟಗಾರರೂ ನೀರು ಒಳಗೆ ಬಿಡದ ಜಾಕೆಟ್, ಎರಡು ತಲೆದೀಪ, ಸೀಟಿ, ಮೈ ಬೆಚ್ಚಗಿಡುವ ತೆಳು ಹಾಳೆಯ ಹೊದಿಕೆ ಹೊತ್ತೇ ಓಡಬೇಕು. ಸಾವಿರಾರು ಜನ, ವೈದ್ಯರು ಇರುವ ಕಡೆಯೇ ಹೀಗೆ ಅಂದಮೇಲೆ, ಒಬ್ಬೊಬ್ಬರೇ ಹೋಗುವ ನಾವು ಅದನ್ನು ಬಿಟ್ಟು ಹೊರಡಬಾರದು. ಮೂರೂ ದೇಶಗಳಲ್ಲಿ ತುರ್ತು ನಂಬರ್ 112. ಬೆಟ್ಟದ ರಕ್ಷಣೆ, ಹೆಲಿಕಾಪ್ಟರ್ ಖರ್ಚು ಸೇರಿದ ವಿಮೆ ಮಾಡಿಸಿಯೇ ಹೊರಡಿ. ವೀಸಾ ಒಂದೇ ಸಾಕು, ಷೆಂಗೆನ್. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಹಣ ಬೇರೆ, ಮೊಬೈಲ್ ಪ್ಲಾನೂ ಬೇರೆ ಬೇಕಾಗಬಹುದು.

ಇಟಲಿಯಿಂದ ಸ್ವಿಟ್ಜರ್ಲೆಂಡಿಗೆ ದಾಟುವ ಪಾಸ್ ಹೆಸರು ಗ್ರಾಂ ಕೋಲ್ ಫೆರೆ, 2,537 ಮೀಟರ್. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹಿಂದಿನ ಇಳಿಜಾರಿಗೆ ಬಿದ್ದ ಮಳೆ ಡೋರಾ ಬಾಲ್ಟೆಯಾ ಸೇರಿ, ಪೋ ನದಿ ಸೇರಿ, ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ. ಮುಂದಿನ ಇಳಿಜಾರಿಗೆ ಬಿದ್ದದ್ದು ರೋನ್ ನದಿ ಸೇರಿ ಫ್ರಾನ್ಸಿನ ದಕ್ಷಿಣ ತೀರಕ್ಕೆ ಹೋಗುತ್ತದೆ. ಈ ನದಿಗಳಿಗೆ ಬೇಸಿಗೆಯಲ್ಲಿ ನೀರು ಕೊಡುವ ಹಿಮನದಿಗಳು ಈಗ ಹಿಂದೆ ಸರಿಯುತ್ತಿವೆ. ಶಾಮೊನಿ ಮೇಲಿನ ಮೇರ್ ದ ಗ್ಲಾಸ್ ಹಿಮನದಿ ತೋರಿಸಲೆಂದು 1909ರಲ್ಲಿ ರೈಲು ಹಾಕಿದರು. ಈಗ ಆ ನಿಲ್ದಾಣದಿಂದ ಹಿಮ ಮುಟ್ಟಬೇಕಾದರೆ ಬಹಳ ಕೆಳಗೆ ಇಳಿಯಬೇಕು. ಮೆಟ್ಟಿಲುಗಳನ್ನು ಸೇರಿಸುತ್ತಲೇ ಹೋಗಬೇಕಾಯಿತು. ನನಗೆ ಇದು ಬಹಳ ಸಂಕಟದ ವಿಷಯ. ಮಕ್ಕಳಿರುವವರು ಸಾಧ್ಯವಾದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಅಂತ ಕೇಳಿಕೊಳ್ಳುವುದು ಇದಕ್ಕೇ.

ಪೂರ್ತಿ ಸುತ್ತಿಗೆ ರಜೆ ಸಿಗದವರಿಗೆ ಒಂದು ಸಲಹೆ. ಇಟಲಿಯ ಕೂರ್ಮಾಯರ್‌ನಿಂದ ಸ್ವಿಟ್ಜರ್ಲೆಂಡಿನ ಶಾಂಪೆವರೆಗೆ ಮೂರು ದಿನ ನಡೆಯಿರಿ. ಮೊದಲ ರಾತ್ರಿ ಬೊನಾಟಿ ವಸತಿಮನೆ. ಎದುರಿಗೇ ಗ್ರಾಂಡ್ ಜೋರಾಸ್ ಶಿಖರಗಳ ಗೋಡೆ. ಎರಡನೇ ದಿನ ಪಾಸ್ ದಾಟಿ ಲಾ ಫೂಲಿ. ಮೂರನೇ ದಿನ ಹಳ್ಳಿಗಳ ನಡುವೆ ಸಲೀಸು ದಾರಿ, ಕೊನೆಗೆ ಮಾತ್ರ ಕಾಡಿನ ಏರು. ಶಾಂಪೆಯಿಂದ ಬಸ್ಸಿನಲ್ಲಿ ಓರ್ಸಿಯೇರ್, ಅಲ್ಲಿಂದ ರೈಲಿನಲ್ಲಿ ಮಾರ್ಟಿನ್ಯಿ, ಮತ್ತೆ ರೈಲು ಬದಲಿಸಿ ಶಾಮೊನಿಗೆ ವಾಪಸಾಗಬಹುದು. ವಸತಿಮನೆಗಳಲ್ಲಿ ಜಾಗ ತಿಂಗಳುಗಳ ಮೊದಲೇ ತುಂಬುತ್ತದೆ. ಮುಂದಿನ ಬೇಸಿಗೆಗೆ ಹೋಗಬೇಕೆಂದಿದ್ದರೆ ಚಳಿಗಾಲದಲ್ಲೇ ಕಾದಿರಿಸಿ.

ನಮಸ್ಕಾರ.