ಕಾರ್ನ್ ಸ್ನೇಕ್ ಬೆಳೆಯಲಿ, ಅವಸರ ಬೇಡ

ಕೇಳುಗರಿಗೆಲ್ಲ ನಮಸ್ಕಾರ.

ಹಾವು ಸಾಕಿದವರ ಮನೆಗೆ ನೆಂಟರು ಬಂದರೆ ಕೇಳುವುದು ಎರಡೇ ಪ್ರಶ್ನೆ. ಒಂದು, "ಕಚ್ಚುತ್ತಾ?" ಇನ್ನೊಂದು, "ಇದು ಇನ್ನೂ ಎಷ್ಟು ದೊಡ್ಡದಾಗುತ್ತೆ?" ಮೊದಲನೆಯದಕ್ಕೆ ಉತ್ತರ ಸುಲಭ. ಕಾರ್ನ್ ಸ್ನೇಕ್‌ಗೆ ವಿಷವಿಲ್ಲ. ಕಚ್ಚಿದರೂ ತರಚಿದ ಗಾಯದಷ್ಟೇ. ಸ್ವಭಾವವೂ ಸಾಧು. ಇವತ್ತು ಎರಡನೆಯ ಪ್ರಶ್ನೆಯನ್ನೇ ಹಿಡಿದು ಮಾತಾಡೋಣ. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಮಕ್ಕಳು ಹಠ ಮಾಡಿ ತರಿಸಿಕೊಳ್ಳುವ ಹಾವು ಹೆಚ್ಚಾಗಿ ಇದೇ ಅಲ್ವಾ?

ಇದು ಅಲ್ಲಿಯದೇ ಹಾವು. ಫ್ಲೋರಿಡಾ, ಜಾರ್ಜಿಯಾ, ಕೆರೊಲಿನಾ ಕಡೆಯ ಪೈನ್ ಕಾಡು, ಹೊಲದಂಚು, ಹಳೇ ಕೊಟ್ಟಿಗೆ, ಹೀಗೆ ಇಲಿ ಎಲ್ಲಿದೆಯೋ ಅಲ್ಲಿ ಇದೂ ಇರುತ್ತದೆ. ಕಿತ್ತಳೆ ಮೈ, ಬೆನ್ನುದ್ದಕ್ಕೂ ಕಪ್ಪು ಅಂಚಿನ ಕೆಂಪು ಮಚ್ಚೆ, ಹೊಟ್ಟೆಯ ಮೇಲೆ ಕಪ್ಪು ಬಿಳಿ ಚೌಕಗಳು. ನಮ್ಮ ಕೇರೆ ಹಾವಿಗೆ ದೂರದ ಸಂಬಂಧಿ. ಹಾಗಂತ ಊರಿನಲ್ಲಿರುವವರು ಕೇರೆ ಹಾವನ್ನು ಹಿಡಿದು ಸಾಕಲು ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಮೊಟ್ಟೆ ಒಡೆದು ಬಂದ ಮರಿ ಸುಮಾರು 20ರಿಂದ 30 ಸೆಂಟಿಮೀಟರ್ ಉದ್ದ, 6ರಿಂದ 8 ಗ್ರಾಂ ತೂಕ ಇರುತ್ತದೆ. ಬೆಳೆದ ಹಾವು 90ರಿಂದ 150 ಸೆಂಟಿಮೀಟರ್, ಅಂದರೆ ಮೂರರಿಂದ ಐದು ಅಡಿ. ಆರಡಿ ಮುಟ್ಟಿದವೂ ಇವೆ, ಅಪರೂಪಕ್ಕೆ. ಮೊದಲ ವರ್ಷ ಬೇಗ ಬೇಗ ಉದ್ದವಾಗುತ್ತದೆ. ಎರಡು ಮೂರು ವರ್ಷಕ್ಕೆ ಬಹುಪಾಲು ಬೆಳವಣಿಗೆ ಮುಗಿಯುತ್ತದೆ. ಆಮೇಲೂ ಪೂರ್ತಿ ನಿಲ್ಲುವುದಿಲ್ಲ, ಗೊತ್ತಾಗದಷ್ಟು ನಿಧಾನವಾಗುತ್ತದೆ. ಒಂದೇ ಗೂಡಿನ ಎರಡು ಮರಿಗಳೂ ಒಂದೇ ಅಳತೆಗೆ ಬರಬೇಕೆಂದೇನಿಲ್ಲ. ಹುಟ್ಟಿನ ಗುಣ, ಊಟ, ಶಾಖ ಎಲ್ಲ ಸೇರಿ ಅಳತೆ ಆಗುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿಟ್ಟರೆ ಹಾವು ಚಿಕ್ಕದಾಗೇ ಉಳಿಯುತ್ತದೆ ಅನ್ನುವ ಮಾತಿದೆಯಲ್ಲ, ಅದು ಸುಳ್ಳು. ಹಾವು ಬೆಳೆಯುತ್ತದೆ, ಇಕ್ಕಟ್ಟಿನಲ್ಲಿ ಬೆಳೆಯುತ್ತದೆ, ಅಷ್ಟೇ.

ಹೊಸಬರು ಸುಮ್ನೆ ಉದ್ದದ ಹಿಂದೆ ಬೀಳುತ್ತಾರೆ. ಹಾವು ನೆಟ್ಟಗೆ ಮಲಗಿ ಅಳತೆ ಕೊಡುವ ಪ್ರಾಣಿಯೇ ಅಲ್ಲ. ಎಳೆದು ಅಳೆಯುವುದಂತೂ ಬೇಡವೇ ಬೇಡ, ಬೆನ್ನುಮೂಳೆಗೆ ಪೆಟ್ಟಾದೀತು. ಬಿಟ್ಟ ಪೊರೆಯನ್ನು ಅಳೆದು "ನಾಲ್ಕಡಿ ಆಯ್ತು" ಅಂತ ಖುಷಿಪಡುವವರೂ ಇದ್ದಾರೆ. ಕಳಚುವಾಗ ಪೊರೆ ಹಿಗ್ಗುತ್ತದೆ, ಹಾಗಾಗಿ ಅದು ಹಾವಿಗಿಂತ ಉದ್ದ ಇರುತ್ತದೆ. ಅದಕ್ಕಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೇ ಒಂದನ್ನು ಹಾವಿಗೆಂದೇ ಬೇರೆ ಇಟ್ಟುಕೊಳ್ಳಿ. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಹಾವನ್ನು ಡಬ್ಬಿಗೆ ಬಿಟ್ಟು ಮುಚ್ಚಳ ಹಾಕಿ. ಹಾವು ಸುತ್ತಾಡುವಾಗ ಅಂಕಿ ಕುಣಿಯುತ್ತದೆ, ಸುರುಳಿ ಸುತ್ತಿ ಕೂತ ಮೇಲೆ ನಿಲ್ಲುತ್ತದೆ. ಆಗ ಬರೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಸಾಕು. ಮುಚ್ಚಳದ ತೂಕ ಕಳೆಯುವುದನ್ನು ಮರೆಯಬೇಡಿ!

ಅಂಕಿಗಿಂತಲೂ ಮುಖ್ಯ ಮೈಕಟ್ಟು. ಹಾವಿನ ನಡುಭಾಗವನ್ನು ಬೆರಳಲ್ಲಿ ಮೆಲ್ಲಗೆ ಸವರಿ ನೋಡಿ. ಬ್ರೆಡ್ಡಿನ ಹಾಗೆ ಮೇಲೆ ದುಂಡಗೆ, ಕೆಳಗೆ ಚಪ್ಪಟೆ ಇದ್ದರೆ ಚೆನ್ನಾಗಿದೆ. ಬೆನ್ನುಮೂಳೆ ಏಣಿನ ಹಾಗೆ ಎದ್ದು ಕಂಡು ಎರಡು ಬದಿಯೂ ಇಳಿದಿದ್ದರೆ ಬಡಕಲು. ಸುಮ್ಮನೆ ಮಲಗಿದಾಗಲೂ ಹುರುಪೆಗಳ ನಡುವೆ ಚರ್ಮ ಕಾಣುತ್ತಿದ್ದರೆ, ಬಾಲ ಶುರುವಾಗುವಲ್ಲಿ ಮೈ ತಟ್ಟನೆ ಸಣ್ಣಗಾದರೆ, ಬೊಜ್ಜು ಬಂದಿದೆ ಅಂತ ಅರ್ಥ. ಸಾಕಿದ ಹಾವುಗಳಲ್ಲಿ ಬಡಕಲಿಗಿಂತ ಬೊಜ್ಜೇ ಜಾಸ್ತಿ, ಪ್ರೀತಿ ಮಾಡುವ ಕೆಲಸ ಅದು.

ಮರಿಗೆ ಐದರಿಂದ ಏಳು ದಿನಕ್ಕೊಂದು ಕೂದಲಿಲ್ಲದ ಇಲಿಮರಿ ಸಾಕು. ಅಂಗಡಿಯವರು ಪಿಂಕಿ ಅನ್ನುತ್ತಾರೆ, ಫ್ರೀಜರಿನಲ್ಲಿಟ್ಟದ್ದು ಸಿಗುತ್ತದೆ. ಹಾವಿನ ಮೈಯಲ್ಲಿ ಎಲ್ಲಕ್ಕಿಂತ ದಪ್ಪ ಇರುವ ಜಾಗದಷ್ಟೇ ಇಲಿಯೂ ದಪ್ಪ ಇರಲಿ, ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಹಾವು ಬೆಳೆದಂತೆ ಇಲಿ ದೊಡ್ಡದಾಗಬೇಕು, ಊಟದ ನಡುವಿನ ಅಂತರವೂ ಹೆಚ್ಚಬೇಕು. ಬೆಳೆದ ಹಾವಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ಇಲಿ. ಕೆಲವರು ಬೇಗ ಬೆಳೆದು ಮೊಟ್ಟೆ ಇಡಲಿ ಅಂತ ತುರುಕಿದ್ದೇ ತುರುಕಿದ್ದು. ನನಗೆ ಇದು ಸರಿ ಕಾಣುವುದಿಲ್ಲ. ಒಳಗೆ ಕೊಬ್ಬು ಕಟ್ಟಿ ಪಿತ್ತಜನಕಾಂಗ ಕೆಡುತ್ತದೆ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುವ ಪ್ರಾಣಿಗೆ ಎರಡೇ ವರ್ಷದಲ್ಲಿ ಐದಡಿ ಆಗುವ ಅವಸರ ಯಾಕೆ? ಹೆಣ್ಣಾದರೆ ಮೂರು ವರ್ಷ, ಮೂರಡಿ, 300 ಗ್ರಾಂ ಆಗುವವರೆಗೆ ಮೊಟ್ಟೆಯ ಮಾತೇ ಬೇಡ ಅನ್ನುವುದು ಸಾಕುವವರಲ್ಲಿ ನಡೆದುಬಂದ ಲೆಕ್ಕ.

ಊಟದಷ್ಟೇ ಮುಖ್ಯ ಶಾಖ. ಹಾವಿನ ಮೈ ತಾನಾಗಿ ಬಿಸಿಯಾಗುವುದಿಲ್ಲ. ಪೆಟ್ಟಿಗೆಯ ಒಂದು ಬದಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 23ರ ಆಸುಪಾಸು ಇರಲಿ. ಬೆಚ್ಚಗಿಲ್ಲದಿದ್ದರೆ ನುಂಗಿದ್ದು ಅರಗದೆ ಹೊಟ್ಟೆಯಲ್ಲೇ ಕೊಳೆತು, ಹಾವು ಅದನ್ನು ಕಕ್ಕುತ್ತದೆ. ಉಂಡ ಮೇಲೆ ಎರಡು ದಿನ ಕೈಗೆತ್ತಿಕೊಳ್ಳಬೇಡಿ, ಆಗಲೂ ಕಕ್ಕಬಹುದು. ಕಕ್ಕಿದರೆ ಹತ್ತು ಹದಿನಾಲ್ಕು ದಿನ ಬಿಟ್ಟು, ಮೊದಲಿಗಿಂತ ಚಿಕ್ಕ ಇಲಿ ಕೊಡಿ. ಮತ್ತೆ ಕಕ್ಕಿದರೆ ತೂಕ ಬರೆದ ಪುಸ್ತಕ ಹಿಡಿದು ಹಾವುಗಳನ್ನು ನೋಡುವ ಡಾಕ್ಟರ ಹತ್ತಿರ ಹೋಗಿ.

ಊಟ ಬಿಟ್ಟಿತು ಅಂತ ತಕ್ಷಣ ಗಾಬರಿ ಬೇಡ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ, ಆಗ ಹಲವು ಹಾವುಗಳು ಊಟ ಮುಟ್ಟುವುದಿಲ್ಲ. ಬೆಳೆದ ಗಂಡು ಚಳಿಗಾಲ ಕಳೆದು ಬೆದೆಯ ಕಾಲ ಬಂದಾಗ ವಾರಗಟ್ಟಲೆ ಉಪವಾಸ ಮಾಡುವುದೂ ಉಂಟು. ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಕಾಯಿರಿ. ಜೋರಾಗಿ ಇಳಿಯುತ್ತಿದ್ದರೆ ಡಾಕ್ಟರೇ ಗತಿ.

ಕೊನೆಗೆ ಮನೆಯ ವಿಷಯ. ಬೆಳೆದ ಹಾವಿಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಪೆಟ್ಟಿಗೆ, ಅಡಗಲು ಎರಡು ಬದಿಯಲ್ಲೂ ಜಾಗ, ಹತ್ತಲು ಗಟ್ಟಿ ಕೊಂಬೆ ಬೇಕು. ಮುಚ್ಚಳಕ್ಕೆ ಚಿಲಕ ಇರಲೇಬೇಕು. ತಲೆ ತೂರುವಷ್ಟು ಸಂದಿ ಸಿಕ್ಕರೆ ಕಾರ್ನ್ ಸ್ನೇಕ್ ಹೊರಗೆ ಬಂದಂತೆಯೇ ಲೆಕ್ಕ. ತಪ್ಪಿಸಿಕೊಂಡರೆ ಮನೆಯೆಲ್ಲ ಕೆದಕುವ ಮೊದಲು ಫ್ರಿಜ್ಜಿನ ಹಿಂದೆ ಟಾರ್ಚ್ ಹಾಕಿ ನೋಡಿ. ಅಲ್ಲಿ ಬೆಚ್ಚಗಿರುತ್ತದೆ.

ನಮಸ್ಕಾರ.