ಮಿಸೆಸ್ ಫ್ಲ್ಯಾಕ್ಸ್ ಕೇಳದೆ ಬಿಟ್ಟ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ‘ಮರ್ಮೇಡ್ಸ್’ ಸಿನಿಮಾ ಈಗಷ್ಟೇ ನೋಡಿದ್ದೀರಿ, ಕತೆ ಹೇಳುವ ಕೆಲಸ ನನಗೆ ಉಳಿದಿಲ್ಲ. ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ. ಆದರೆ ಕಾಫಿ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುವ ನಾಯಕಿ ಮಿಸೆಸ್ ಫ್ಲ್ಯಾಕ್ಸ್ ಬಗ್ಗೆ, "ಇವಳೂ ಒಬ್ಬ ತಾಯಿನಾ ರೀ?" ಅಂದುಬಿಟ್ಟರು. ಹಾಗಾಗಿ ಮೊದಲು ಅದನ್ನೇ ಮಾತಾಡಿಬಿಡೋಣ. ಸಾರ್, ತಪ್ಪು ತಿಳಿಯಬೇಡಿ, ನಿಮ್ಮ ಹೆಸರು ಹೇಳುತ್ತಿಲ್ಲ.

ಈ ಸಭೆಯಲ್ಲಿ ಬ್ಯಾಂಕಿನವರ ಮಕ್ಕಳು, ಪೊಲೀಸರ ಮಕ್ಕಳು, ಕೆಇಬಿಯವರ ಮಕ್ಕಳು ಯಾರ್ಯಾರಿದ್ದೀರಿ, ಸ್ವಲ್ಪ ಕೈ ಎತ್ತಿ. ನೋಡಿ, ಅರ್ಧ ಹಾಲ್ ಇದೆ! ನಿಮ್ಮಪ್ಪನಿಗೆ ಆಗಾಗ ಟ್ರಾನ್ಸ್‌ಫರ್ ಆಗುತ್ತಿತ್ತು. ಲಾರಿಗೆ ಬೀರು ಏರಿಸಿ, ಶಾಲೆಯಿಂದ ಟಿ.ಸಿ. ತಂದು, ಇನ್ನೇನು ಗೆಳೆತನ ಗಟ್ಟಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಊರು. ಅಪ್ಪನನ್ನು ಯಾರಾದರೂ ‘ಒಂದು ಕಡೆ ನಿಲ್ಲದ ಮನುಷ್ಯ’ ಅಂದರಾ? ಇಲ್ಲ. ‘ಪಾಪ, ದುಡಿತಾರೆ’ ಅಂದರು. ಮಿಸೆಸ್ ಫ್ಲ್ಯಾಕ್ಸ್ ಮಾಡಿದ್ದೂ ಅದೇ, ಹದಿನೆಂಟು ಸಲ. ಅವಳ ಟ್ರಾನ್ಸ್‌ಫರ್ ಆರ್ಡರನ್ನು ಅವಳೇ ಬರೆದುಕೊಂಡಳು, ವ್ಯತ್ಯಾಸ ಇಷ್ಟೇ.

ಹಾಗಂತ ಅವಳದ್ದೇನೂ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ತಪ್ಪು ಇದೆ. ಆದರೆ ಅದು ಗಂಡಸರ ಸಹವಾಸದಲ್ಲಿಲ್ಲ, ತುಂಡು ಲಂಗದಲ್ಲಿಲ್ಲ, ಊರು ಬಿಡುವುದರಲ್ಲೂ ಇಲ್ಲ. ಹೊರಡುವ ಮುಂಚೆ ಮಕ್ಕಳನ್ನು ಒಂದು ಮಾತು ಕೇಳಲಿಲ್ಲ, ತಪ್ಪಿರುವುದು ಅಲ್ಲಿ. ಇದನ್ನು ಇವತ್ತು ಮೂರ್ನಾಲ್ಕು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಕಾಲವನ್ನೂ ನೋಡಬೇಕು. ಕತೆ ನಡೆಯುವುದು 1963ರಲ್ಲಿ. ಒಕ್ಲಹೋಮಾದಲ್ಲಿ, ಮದುವೆಯಾಗಿದ್ದ ಬಾಸ್ ಜೊತೆಗಿನ ಸಂಬಂಧ ಮುರಿದು, ಇಬ್ಬರು ಹೆಣ್ಣುಮಕ್ಕಳನ್ನು ಕಾರಿಗೆ ತುಂಬಿಕೊಂಡು ಮ್ಯಾಸಚೂಸೆಟ್ಸ್‌ನ ಸಣ್ಣ ಊರಿಗೆ ಬರುತ್ತಾಳೆ. ಆಗ ಅಮೆರಿಕದಲ್ಲಿ ಗಂಡನಿಲ್ಲದ ಹೆಂಗಸಿಗೆ ಬ್ಯಾಂಕು ಸಾಲ ಕೊಡಲ್ಲ ಅಂದರೆ ಕೇಳುವವರಿರಲಿಲ್ಲ. ಹೆಣ್ಣು ಅನ್ನುವ ಕಾರಣಕ್ಕೆ, ಮದುವೆಯಾಗಿಲ್ಲ ಅನ್ನುವ ಕಾರಣಕ್ಕೆ ಸಾಲ ನಿರಾಕರಿಸಬಾರದು ಅಂತ ಕಾನೂನು ಬಂದದ್ದು 1974ರಲ್ಲಿ. ಸ್ವಂತ ಮನೆ ಕನಸಿನ ಮಾತು, ಬಾಡಿಗೆ ಮನೆಯೇ ಗತಿ. ಕೆಲಸ ಕೊಟ್ಟ ಬಾಸೇ ಪ್ರೇಮಿ ಆದರೆ, ಪ್ರೇಮ ಹೋದ ದಿನ ಸಂಬಳವೂ ಹೋಯಿತು. ‘ಚಂಚಲೆ’ ಅಂತ ಹಣೆಪಟ್ಟಿ ಹಚ್ಚುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಇನ್ನು ನನಗೆ ಬಹಳ ಇಷ್ಟದ ವಿಷಯ. ಸ್ವಲ್ಪ ಉದ್ದ ಆಗಬಹುದು. ತಾಯಿ ಪಾತ್ರ ಮಾಡಿರುವ ಗಾಯಕಿ, ನಟಿ ಚೆರ್ ಇದ್ದಾರಲ್ಲ, ಅವರು ಹುಟ್ಟಿದ್ದು 1946ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅವರ ತಾಯಿ ಜಾರ್ಜಿಯಾ ಹೋಲ್ಟ್ ಆರು ಸಲ ಮದುವೆಯಾದವರು, ಅದರಲ್ಲಿ ಎರಡು ಸಲ ಚೆರ್ ಅವರ ಅಪ್ಪನನ್ನೇ! ಹಾಡಬೇಕು, ನಟಿಸಬೇಕು ಅನ್ನುವ ಹಂಬಲ, ಕೈಯಲ್ಲಿ ಕಾಸಿಲ್ಲ, ಜೊತೆಗೆ ಇಬ್ಬರು ಹೆಣ್ಣುಮಕ್ಕಳು, ಮನೆ ಬದಲಾಯಿಸುತ್ತಲೇ ಇದ್ದರು. ಕೂಸು ಚೆರ್‌ಳನ್ನು ಸಾಕಲಾಗದೆ ಸ್ವಲ್ಪ ಕಾಲ ಕ್ಯಾಥೊಲಿಕ್ ಅನಾಥಾಲಯದಲ್ಲಿ ಬಿಟ್ಟಿದ್ದೂ ಉಂಟು. ಈಗ ಸಿನಿಮಾ ನೆನಪಿಸಿಕೊಳ್ಳಿ. ಬಾಡಿಗೆ ಮನೆಯ ಪಕ್ಕದಲ್ಲೇ ಕಾನ್ವೆಂಟು, ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠ. ಯಹೂದಿ ಮನೆಯ ಹುಡುಗಿ, ದೊಡ್ಡ ಮಗಳು ಶಾರ್ಲೆಟ್‌ಗೆ ತಾನೂ ಅಂಥ ಸನ್ಯಾಸಿನಿ, ಅಂದರೆ ನನ್ ಆಗಬೇಕು ಅಂತ ಹುಚ್ಚು. ಕೊನೆಗೆ ಚಿಕ್ಕ ಮಗಳು ಕೇಟ್ ನೀರಿಗೆ ಬಿದ್ದಾಗ ಓಡಿ ಬಂದು ಎತ್ತುವವರೂ ನನ್‌ಗಳೇ. ಈ ಸಿನಿಮಾಗೆ ಆಧಾರವಾದ ಕಾದಂಬರಿಯನ್ನು ಪ್ಯಾಟಿ ಡ್ಯಾನ್ ಬರೆದದ್ದು ಚೆರ್ ಮೇಲಲ್ಲ, ನಂಟು ಕಲ್ಪಿಸುತ್ತಿರುವವನು ನಾನು. ಆದರೂ ಅಂಥ ತಾಯಿಯ ಮಗಳಾಗಿ ಬೆಳೆದವಳೇ ಅಂಥ ತಾಯಿಯಾಗಿ ನಿಂತಾಗ ಅವಳು ಎಲ್ಲೂ ಕ್ಷಮೆ ಕೇಳುವ ಮುಖ ಮಾಡುವುದಿಲ್ಲ, ಗಮನಿಸಿದಿರಾ? ಬೇರೆ ನಟಿ ಆಗಿದ್ದರೆ ಎರಡು ಹನಿ ಕಣ್ಣೀರು ಹಾಕಿ ನಮ್ಮನ್ನು ಒಲಿಸಿಕೊಳ್ಳುತ್ತಿದ್ದಳು. ಇವರು ಕನ್ನಡಿ ಮುಂದೆ ನಿಂತು ಮೇಕಪ್ ಸರಿಮಾಡಿಕೊಳ್ಳುತ್ತಾರೆ, ಬೇಕಾದರೆ ಒಪ್ಪಿಕೋ ಅನ್ನುವ ಹಾಗೆ.

ಇನ್ನೊಂದು ತಮಾಷೆ. ಒಂದೂರಲ್ಲಿ ನಿಲ್ಲದವಳ ಈ ಸಿನಿಮಾಗೆ ನಿರ್ದೇಶಕರೂ ನಿಲ್ಲಲಿಲ್ಲ! ಮೊದಲು ಲಾಸ್ಸೆ ಹಾಲ್‌ಸ್ಟ್ರಮ್, ಆಮೇಲೆ ಫ್ರಾಂಕ್ ಆಜ್, ಕೊನೆಗೆ ಮುಗಿಸಿದವರು ರಿಚರ್ಡ್ ಬೆಂಜಮಿನ್. ಶಾರ್ಲೆಟ್ ಪಾತ್ರಕ್ಕೂ ಮೊದಲು ಬಂದವರು ಎಮಿಲಿ ಲಾಯ್ಡ್, ಆಮೇಲೆ ವಿನೋನಾ ರೈಡರ್. ಅಷ್ಟೆಲ್ಲ ಆಗಿ 1990ರಲ್ಲಿ ತೆರೆಗೆ ಬಂತು. ಚಿತ್ರದ ಲಯ ಅಲ್ಲಲ್ಲಿ ಎಡವುತ್ತದೆ, ಒಮ್ಮೆ ಹಾಸ್ಯ, ಒಮ್ಮೆ ಗೋಳು. ಆ ಕಾರಣಕ್ಕೇ ಇರಬಹುದು ಅಂತ ನನ್ನ ಗುಮಾನಿ.

ಸರಿ, ಊಟಕ್ಕೆ ಬರೋಣ. ಅಯ್ಯೋ, ಏಳಬೇಡಿ, ಸಿನಿಮಾದಲ್ಲಿರುವ ಊಟ! ಆ ಮನೆಯಲ್ಲಿ ಊಟ ಅಂತ ಒಂದು ಇಲ್ಲವೇ ಇಲ್ಲ. ಕೈಯಲ್ಲಿ ಎತ್ತಿ ಬಾಯಿಗೆ ಹಾಕಿಕೊಳ್ಳುವ ತಿಂಡಿ ಮಾತ್ರ. ನಕ್ಷತ್ರದಾಕಾರದ ಸ್ಯಾಂಡ್‌ವಿಚ್, ಕಡ್ಡಿಗೆ ಚುಚ್ಚಿದ ಮಾರ್ಷ್‌ಮ್ಯಾಲೋ. ಅದಕ್ಕಿಂತ ಜಾಸ್ತಿ ಅಡುಗೆ ಮಾಡಿದರೆ ಕಟ್ಟಿಬಿದ್ದ ಹಾಗೆ ಅನ್ನುವುದು ಅವಳ ವಾದ. ಸಾರು ಕುದಿಯಲು ಇಟ್ಟವರು ಅದು ಕುದಿಯುವವರೆಗಾದರೂ ಮನೆಯಲ್ಲಿರಬೇಕಲ್ಲ, ಅವಳಿಗೆ ಅದೇ ಆಗದು. ಬಾಬ್ ಹಾಸ್ಕಿನ್ಸ್ ಮಾಡಿರುವ ಲೂ, ಚಪ್ಪಲಿ ಅಂಗಡಿಯವನು, ಬಂದು ಟೇಬಲ್ ಮುಂದೆ ಎಲ್ಲರೂ ಕೂತು ಉಣ್ಣೋಣ ಅಂದಾಗ ಅವಳು ಹೆದರುವುದು ನೋಡಿ. ಬೇರೆ ಯಾವುದಕ್ಕೂ ಅಷ್ಟು ಹೆದರಿದ ಹೆಂಗಸಲ್ಲ ಅವಳು. ಮಕ್ಕಳಿಗೆ ಏನು ತಿನ್ನಬೇಕು ಅನಿಸುತ್ತದೆ? ಅದನ್ನೂ ಕೇಳಲಿಲ್ಲ. ಹೂಂ, ಎರಡನೇ ಸಲ ಹೇಳಿದೆ.

ಶಾರ್ಲೆಟ್ ತಾಯಿಗಿಂತ ಬೇರೆ ಅಂತ ನಂಬಿಕೊಂಡಿದ್ದಾಳೆ. ‘ಅಮ್ಮ’ ಅನ್ನುವುದಿಲ್ಲ, ಮಿಸೆಸ್ ಫ್ಲ್ಯಾಕ್ಸ್ ಅನ್ನುತ್ತಾಳೆ. ತಾಯಿ ಒಬ್ಬರಾದ ಮೇಲೊಬ್ಬರನ್ನು ಪ್ರೀತಿಸಿದರೆ ಇವಳು ಸಂತರ ಹಿಂದೆ ಬೀಳುತ್ತಾಳೆ, ಉಪವಾಸ ಕೂರುತ್ತಾಳೆ. ಅಮೆರಿಕದ ಅಧ್ಯಕ್ಷ ಕೆನಡಿ ಸತ್ತ ಆ ನವೆಂಬರ್‌ನಲ್ಲಿ ಒಂದು ಮುತ್ತಿಗೆ ಹೆದರಿ, ಬಸುರಾದೆ ಅಂತ ಭ್ರಮಿಸಿ, ಏನು ಮಾಡುತ್ತಾಳೆ? ತಾಯಿಯ ಕಾರು ಹತ್ತಿ ಇನ್ನೊಂದು ಊರಿಗೆ ಓಡುತ್ತಾಳೆ! ಅದೇ ಕಾರು, ಅದೇ ಔಷಧಿ. ಗುರುತೇ ಇಲ್ಲದವರ ಮನೆಯಲ್ಲಿ, ತುಂಬು ಸಂಸಾರದ ಊಟದ ಟೇಬಲ್ಲಿಗೆ ಹೋಗಿ ಕೂರುತ್ತಾಳೆ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಅತ್ಯಂತ ನಗು ಬರಿಸುವ ದೃಶ್ಯ ಅದು, ಹೊಟ್ಟೆ ಚುರುಕ್ ಅನ್ನಿಸುವುದೂ ಅದೇ.

ಹಾಲ್ ನೋಡಿಕೊಳ್ಳುವ ಅಣ್ಣ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದಾರೆ. ಐದು ನಿಮಿಷ ಅಣ್ಣ. ಇಲ್ವಾ? ಸರಿ, ಮೂರು.

ಕೇಟ್ ಪಾತ್ರದ ಕ್ರಿಸ್ಟಿನಾ ರಿಚ್ಚಿಗೆ ಇದು ಮೊದಲ ಸಿನಿಮಾ ಅಂತ ವಿವರವಾಗಿ ಹೇಳಬೇಕಿತ್ತು, ಆಗಲಿಲ್ಲ. ಹಾಡುಗಳು, ಆ ಹೊಸವರ್ಷದ ಪಾರ್ಟಿಯ ಮತ್ಸ್ಯಕನ್ಯೆ ವೇಷ, ಅದನ್ನೂ ಬಿಡೋಣ.

ಕೊನೆಯ ಜಗಳ ಮಾತ್ರ ಬಿಡಲ್ಲ. ಕೇಟ್ ಮುಳುಗಿ ಬದುಕಿ ಬಂದ ಮೇಲೆ ತಾಯಿ ಮತ್ತೆ ಗಂಟುಮೂಟೆ ಕಟ್ಟಲು ನಿಲ್ಲುತ್ತಾಳೆ. ಶಾರ್ಲೆಟ್ ಮೊದಲ ಸಲ ಎದುರು ನಿಂತು, ನಿನಗೆ ಒಗ್ಗಿದ ಈ ಬಾಳು ನನಗೆ ಒಗ್ಗುವುದಿಲ್ಲ, ನಾನು ಇಲ್ಲೇ ಇರುತ್ತೇನೆ ಅನ್ನುತ್ತಾಳೆ. ತಾಯಿ ಬದಲಾಗಿ ಸದ್ಗೃಹಿಣಿ ಆಗುವುದಿಲ್ಲ. ಲೂನನ್ನು ಮದುವೆಯೂ ಆಗುವುದಿಲ್ಲ. ಸುಮ್ನೆ ಒಪ್ಪುತ್ತಾಳೆ, ಇನ್ನೊಂದು ವರ್ಷ ಇದ್ದು ನೋಡೋಣ ಅಂತ. ಅವಳು ಸುಧಾರಿಸಲಿಲ್ಲವಲ್ಲ ಅಂತ ಬೇಸರ ಪಟ್ಟುಕೊಂಡವರು ಇಲ್ಲಿ ಕೆಲವರಿದ್ದೀರಿ, ಮುಖದಲ್ಲೇ ಕಾಣುತ್ತಿದೆ. ಸುಧಾರಿಸಿದ್ದರೆ ನಾನು ಈ ಸಿನಿಮಾ ತರಿಸುತ್ತಲೇ ಇರಲಿಲ್ಲ. ಮಗಳ ಮಾತಿಗೆ ಬೆಲೆ ಬಂತು, ಹದಿನೆಂಟು ಊರು ದಾಟಿದ ಮೇಲೆ. ನನಗೆ ಅಷ್ಟು ಸಾಕು.

ಸಾರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು, ಅವಳೂ ಒಬ್ಬ ತಾಯಿ. ನೀವು ಒಪ್ಪಲ್ಲ ಅಂತ ಗೊತ್ತು. ಲೈಟ್ ಆರಿಸುತ್ತಿದ್ದಾರೆ, ಜಗಳ ಹೊರಗೆ ಮೆಟ್ಟಿಲ ಹತ್ತಿರ ಮುಂದುವರಿಸೋಣ. ಕುರ್ಚಿ ಎತ್ತಿಡಲು ನಾಲ್ಕು ಜನ ಉಳಿದುಕೊಳ್ಳಿ.