ಹಳೇ ವಾಲ್ವ್ ರೇಡಿಯೋಗೆ ಹತ್ತು ಪುಟ್ಟ ಬ್ಯಾಟರಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನ ಮಕ್ಕಳೇ, ಮೇಜಿನ ಮೇಲಿನ ಈ ರೇಡಿಯೋದ ಹಿಂದೆ ಮಾತ್ರ ಕೈ ಹಾಕಬೇಡಿ. ಅಲ್ಲಿ 90 ವೋಲ್ಟ್ ಇದೆ. ಚೆನ್ನಾಗೇ ಹೊಡೆಯುತ್ತದೆ.

ಇದು ಕರೆಂಟೇ ಇಲ್ಲದ ಊರುಗಳಿಗೆ ಅಂತ ಮಾಡಿದ ಸೆಟ್. ಒಳಗೆ ನಾಲ್ಕು ವಾಲ್ವ್, ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚಿನ ಗಾಜಿನ ಕೊಳವೆಗಳು: ಡಿಕೆ96, ಡಿಎಫ್96, ಡಿಎಎಫ್96, ಡಿಎಲ್96. ಮೊದಲ ಅಕ್ಷರ ಗಮನಿಸಿ. ಡಿ ಅಂದರೆ ಫಿಲಮೆಂಟ್‌ಗೆ, ಅಂದರೆ ಒಳಗೆ ಕಾಯುವ ತಂತಿಗೆ, 1.4 ವೋಲ್ಟ್ ಸಾಕು. ಇ ಅಂದರೆ 6.3 ವೋಲ್ಟ್ ಬೇಕು, ಕರೆಂಟೂ ಜಾಸ್ತಿ. ಅಂಥ ಸೆಟ್ಟನ್ನು ಬ್ಯಾಟರಿಯಲ್ಲಿ ಓಡಿಸುವ ಆಸೆ ಬಿಟ್ಟುಬಿಡಿ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಕೂಡ 1960ರ ದಶಕದಲ್ಲಿ ರೇಡಿಯೋ ವಾಲ್ವ್ ಮಾಡುತ್ತಿತ್ತು. ಸಂಡೇ ಬಜಾರ್‌ನಲ್ಲಿ ಸಿಕ್ಕರೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ.

ಈ ಸೆಟ್‌ಗೆ ಎರಡು ಬಗೆಯ ಹಸಿವು. ಫಿಲಮೆಂಟ್ ಕಾಯಲು ಒಂದೂವರೆ ವೋಲ್ಟ್, ವಾಲ್ವ್ ಒಳಗಿನ ಪ್ಲೇಟ್ ಅನ್ನುವ ತಗಡಿಗೆ 90 ವೋಲ್ಟ್. ಆಗ ಎರಡನ್ನೂ ಕೊಡುವ, ಇಟ್ಟಿಗೆಯಂಥ ಬ್ಯಾಟರಿ ಪ್ಯಾಕ್ ಬರುತ್ತಿತ್ತು. ಈಗ ಎಲ್ಲಿ ಬರಬೇಕು? ಆದರೆ ಆ 90 ವೋಲ್ಟ್ ಅಂದರೆ ಒಂದೂವರೆ ವೋಲ್ಟಿನ 60 ಸೆಲ್, ಅಷ್ಟೇ ಅಲ್ವಾ? ನಮ್ಮ 9 ವೋಲ್ಟ್ ಬ್ಯಾಟರಿ ಬಿಚ್ಚಿದರೆ ಒಳಗೆ ಆರು ಸೆಲ್. ಹತ್ತು ಬ್ಯಾಟರಿ ಸೇರಿದರೆ ಅದೇ 60! ಹಳೇ ಪ್ಯಾಕೇ ಹತ್ತು ತುಂಡಾಗಿ ಎಸ್‌ಪಿ ರೋಡಿನಲ್ಲಿ ಸಿಗುತ್ತಿದೆ ಅಂದುಕೊಳ್ಳಿ. ಒಂದರ ಪ್ಲಸ್ ಮಾತ್ರ ಪಕ್ಕದ್ದರ ಮೈನಸ್‌ಗೆ ಒತ್ತಿದರೆ ಬಟನ್ ಥರ ಕೂರುತ್ತದೆ; ಎರಡು ಬ್ಯಾಟರಿಯ ತಲೆಗಳನ್ನು ಪೂರ್ತಿ ಎದುರುಬದುರು ಒತ್ತಬೇಡಿ, ಶಾರ್ಟ್ ಆಗುತ್ತದೆ. ಬೆಸುಗೆ ಕೂಡ ಬೇಡ.

ಈ 90 ವೋಲ್ಟ್ ಸಾಲಿನಿಂದ ಸೆಟ್ ಎಳೆಯುವುದು ಸುಮಾರು 10 ಮಿಲಿಆಂಪ್. ದಿನಕ್ಕೊಂದು ಗಂಟೆ ಕೇಳಿದರೆ ಅಗ್ಗದ ಬ್ಯಾಟರಿಯೂ ತಿಂಗಳ ಹತ್ತಿರ ಬರುತ್ತದೆ. ಫಿಲಮೆಂಟ್‌ಗೆ ಎರಡು ದೊಡ್ಡ ಟಾರ್ಚ್ ಸೆಲ್, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ. ಲಿಥಿಯಂ ಸೆಲ್ ಮಾತ್ರ ಬೇಡ. ಅದರ 3.7 ವೋಲ್ಟ್‌ಗೆ ಫಿಲಮೆಂಟ್ ಸುಟ್ಟುಹೋಗುತ್ತದೆ.

ಸುಡುವ ವಿಷಯ ಬಂತಲ್ಲ, ನನ್ನ ಪೆದ್ದತನವನ್ನೂ ಹೇಳಿಬಿಡುತ್ತೇನೆ. ಮೊದಲ ಸೆಟ್‌ನಲ್ಲಿ ವೈರ್ ಅದಲುಬದಲು ಮಾಡಿ, 90 ವೋಲ್ಟನ್ನು ಫಿಲಮೆಂಟ್‌ಗೆ ಕೊಟ್ಟೆ. ನಾಲ್ಕೂ ವಾಲ್ವ್ ಫೋಟೋ ಫ್ಲ್ಯಾಶ್ ಥರ ಮಿಂಚಿ ಸತ್ತವು. ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಅಂದಿನಿಂದ ಹತ್ತು ಬ್ಯಾಟರಿಗಳ ಸಾಲಿಗೆ ಕರೆಂಟ್ ತಡೆಯುವ ಒಂದು 1000 ಓಮ್ ರೆಸಿಸ್ಟರ್ ಹಾಕಿಯೇ ಶುರು ಮಾಡುತ್ತೇನೆ. ಆಗ ಏನೇ ತಪ್ಪಾದರೂ ಹರಿಯುವುದು 90 ಮಿಲಿಆಂಪ್ ಆಸುಪಾಸು. ನಾಲ್ಕು ಫಿಲಮೆಂಟ್ ಸೇರಿ 125 ಮಿಲಿಆಂಪ್ ಕುಡಿಯುತ್ತವೆ. ಹಾಗಾಗಿ ಬದುಕಿಕೊಳ್ಳುತ್ತವೆ. ಎಲ್ಲ ಸರಿ ಅಂತ ಖಾತ್ರಿಯಾದ ಮೇಲೆ ರೆಸಿಸ್ಟರ್ ತೆಗೆಯಿರಿ.

ಇನ್ನೊಂದು. ಡಿಎಲ್96ರ ಗ್ರಿಡ್‌ಗೆ, ಅಂದರೆ ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ, ಹೋಗುವ ಹಳೇ ಮೇಣದ ಕೆಪಾಸಿಟರ್ ಬದಲಾಯಿಸಿ. ಅದು ಸೋರಿದರೆ ವಾಲ್ವ್ ಸುಮ್ನೆ ಜಾಸ್ತಿ ಕರೆಂಟ್ ಎಳೆದು ಬ್ಯಾಟರಿ ತಿಂದುಹಾಕುತ್ತದೆ.

"ಇಷ್ಟೆಲ್ಲ ಯಾಕೆ ಸಾರ್, ಒಂದು ಪುಟ್ಟ ಕನ್ವರ್ಟರ್ ಬೋರ್ಡ್ ಹಾಕಿದರೆ 90 ವೋಲ್ಟ್ ಬರುತ್ತದಲ್ಲ?" ಅಂತ ಹುಡುಗರು ಕೇಳುತ್ತಾರೆ. ಬರುತ್ತದೆ. ನಾನೂ ಹಾಕಿ ನೋಡಿದೆ. ಆ ಬೋರ್ಡ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ ಜೋಡಿಸುತ್ತದೆ. ಆ ಗಲಾಟೆ ನೇರ ಮೀಡಿಯಂ ವೇವ್‌ಗೇ ಬಂದು ಕೂರುತ್ತದೆ. ತಗಡಿನ ಡಬ್ಬಿ ಕಟ್ಟಿ, ಕಾಯಿಲ್ ಹಾಕಿ ಅದನ್ನು ಅಡಗಿಸಬಹುದು. ನನಗಂತೂ ಅಷ್ಟು ತಾಳ್ಮೆ ಇಲ್ಲ. ಬರೀ ಬ್ಯಾಟರಿಗೆ ಸದ್ದೇ ಗೊತ್ತಿಲ್ಲ. ನಾನು ಅದಕ್ಕೇ ದುಡ್ಡು ಕೊಡುವುದು.

ಇವತ್ತಿನ ಬೆಂಗಳೂರಿನಲ್ಲಿ ಆ ಮೌನ ಇನ್ನೂ ದುಬಾರಿ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಯುಪಿಎಸ್, ಎಲ್ಲವೂ ಮೀಡಿಯಂ ವೇವ್‌ನಲ್ಲಿ ಕಿರಿಕಿರಿ ಮಾಡುತ್ತವೆ. ನಮ್ಮ ಬೀದಿಯಲ್ಲಿ ಕರೆಂಟ್ ಹೋದಾಗ ಎಲ್ಲರೂ ಗೊಣಗುತ್ತಾರೆ. ನಾನು ಸೆಟ್ ಎತ್ತಿಕೊಂಡು ತಾರಸಿಗೆ ಓಡುತ್ತೇನೆ.

ಈಗ 612 ಕಿಲೋಹರ್ಟ್ಸ್‌ಗೆ, ಬೆಂಗಳೂರು ಆಕಾಶವಾಣಿಗೆ ತಿರುಗಿಸುತ್ತೇನೆ. ಕೇಳಿಸುತ್ತಿದೆಯಾ, ಆ ಗುರ್ರ್ ಅನ್ನುವುದು? ಅದು ರೇಡಿಯೋದ್ದಲ್ಲ, ನಿಮ್ಮ ತಲೆ ಮೇಲಿನ ದೀಪಗಳದ್ದು. ಬಾಗಿಲ ಹತ್ತಿರ ಇರುವವರು ಮೇನ್ ಸ್ವಿಚ್ ಒಂದು ನಿಮಿಷ ಆರಿಸುತ್ತೀರಾ?